ಉಪಯೋಗಕ್ಕಾಗಿ ಉಳಿಸಿದ ಜೀವ

ಒಬ್ಬ ಮನುಷ್ಯನು ತನ್ನ ವಿದ್ಯೆಯ ಬಲದಿಂದ ಮೃತ್ಯುಮುಖವನ್ನು ದಾಟಿ ಬಂದನೆಂಬ ವೃತ್ತಾಂತವನ್ನು ಕೇಳಿದೊಡನೆ ವಿದ್ಯೆಯ ಮಹಿಮೆಯನ್ನು ಕೊಂಡಾಡುವುದಕ್ಕೆ ನಮ್ಮ ನಾಲಗೆ ಸಿದ್ಧವಾಗುತ್ತದೆ. ಯಾರೂ ಅಪಹರಿಸಲಾಗದ ಸಂಪತ್ತು ವಿದ್ಯೆಯೊಂದೇ ಎಂದು ನಂಬಿ ಬೆಳೆದ ನಮಗೆ ಅದು ಸಹಜವೂ ಹೌದು. ಲುಡ್ವಿಕ್ ಫ್ಲೆಕ್ ಎಂಬ ಯಹೂದಿ ವೈದ್ಯರ ಜೀವನವನ್ನು ಹೇಳುವವರು ಅನೇಕರು ಈ ಮಾರ್ಗವನ್ನೇ ಹಿಡಿಯುತ್ತಾರೆ: ಅವರು ಟೈಫಸ್ ಜ್ವರದ ತಜ್ಞರಾಗಿದ್ದರು, ನಾತ್ಸಿಗಳಿಗೆ ಆ ಜ್ಞಾನ ಬೇಕಾಗಿತ್ತು, ಆದುದರಿಂದ ಅವರು ಬದುಕಿದರು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇಷ್ಟಕ್ಕೇ ತೃಪ್ತರಾಗಿ ನಿಂತವರು ತಮಗೆ ತಿಳಿಯದೆಯೇ ಕೊಲೆಗಾರರ ಲೆಕ್ಕದ ಪುಸ್ತಕವನ್ನು ಒಪ್ಪಿಕೊಂಡಂತಾಗುತ್ತದೆಯೆಂಬುದು ನನ್ನ ವಾದ.

ಫ್ಲೆಕ್ ಅವರು ಹುಟ್ಟಿದುದು 1896ರಲ್ಲಿ, ಲ್ವೂವ್ ನಗರದಲ್ಲಿ. ಅಂದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೂ ಆಮೇಲೆ ಪೋಲಂಡಿಗೂ ಸೇರಿದ್ದ ಆ ಊರು ಇಂದು ಉಕ್ರೇನಿನಲ್ಲಿದೆ. ಟೈಫಸ್ ಲಸಿಕೆಯನ್ನು ಸಾಧಿಸಿದ ರುಡೊಲ್ಫ್ ವೈಗಲ್ ಅವರ ಬಳಿ ಫ್ಲೆಕ್ ಕೆಲವು ವರ್ಷ ಸಹಾಯಕರಾಗಿದ್ದರು. ಈ ರೋಗವನ್ನು ಹರಡುವುದು ಹೇನು. ವೈಗಲ್ ಅವರ ವಿಧಾನದಲ್ಲಿ ಹೇನುಗಳನ್ನು ಸಣ್ಣ ಪೆಟ್ಟಿಗೆಗಳಲ್ಲಿರಿಸಿ, ಆ ಪೆಟ್ಟಿಗೆಗಳನ್ನು ಮನುಷ್ಯರ ಕಾಲಿಗೆ ಕಟ್ಟಿ, ರಕ್ತವುಣಿಸಿ ಸಾಕಿ, ರೋಗಾಣುವನ್ನು ಅವುಗಳ ಕರುಳಿನಲ್ಲಿ ಬೆಳೆಸಿ, ಲಸಿಕೆಯನ್ನು ಆ ಕರುಳಿನಿಂದ ತಯಾರಿಸುತ್ತಿದ್ದರು. ಟೈಫಸನ್ನು ಗುರುತಿಸುವ ವೈಲ್-ಫೆಲಿಕ್ಸ್ ಪರೀಕ್ಷೆಯನ್ನು ಎಡ್ಮಂಡ್ ವೈಲ್, ಆರ್ಥರ್ ಫೆಲಿಕ್ಸ್ ಎಂಬಿಬ್ಬರು ಮೊದಲ ಮಹಾಯುದ್ಧದ ನಡುವೆ ಕಂಡುಹಿಡಿದಿದ್ದರು. ಇದು ನಮಗೆ ದೂರದ ಮಾತಲ್ಲ: ಟೈಫಸ್ ಜಾತಿಯದೇ ಆದ, ಪೊದೆಗಳಲ್ಲಿನ ನುಸಿಯಂತಹ ಕೀಟದಿಂದ ಹರಡುವ ಸ್ಕ್ರಬ್ ಟೈಫಸ್ ಆಂಧ್ರದಲ್ಲಿ ಇಂದಿಗೂ ಇದೆ; ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ ಬಿಡದ ಜ್ವರದಿಂದ ಮಲಗಿದವನ ರಕ್ತದ ಚೀಟಿಯಲ್ಲಿ ಈ ಇಬ್ಬರ ಹೆಸರು ಕಾಣಿಸಿಕೊಳ್ಳುವುದುಂಟು.

1935ರಲ್ಲಿ ಫ್ಲೆಕ್ ಅವರ ಬಾಳಿನಲ್ಲಿ ಎರಡು ಸಂಗತಿಗಳು ನಡೆದುವು. ಯಹೂದಿದ್ವೇಷದ ಗಾಳಿಯಲ್ಲಿ ಅವರು ವಿಮಾಸಂಸ್ಥೆಯ ಪ್ರಯೋಗಶಾಲೆಯಲ್ಲಿದ್ದ ಉದ್ಯೋಗವನ್ನು ಕಳೆದುಕೊಂಡರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ, ವೈಜ್ಞಾನಿಕ ತಥ್ಯವೊಂದು ಹುಟ್ಟಿ ಬೆಳೆಯುವ ಬಗೆಯನ್ನು ಕುರಿತ ಅವರ ಗ್ರಂಥ ಅಚ್ಚಾಯಿತು. ತಥ್ಯವು ಯಾವನೋ ಒಬ್ಬ ಪ್ರತಿಭಾಶಾಲಿಯ ಕಣ್ಣಿಗೆ ಹಠಾತ್ತನೆ ಬೀಳುವ ವಸ್ತುವಲ್ಲ, ಒಟ್ಟಿಗೆ ವಿಚಾರ ಮಾಡುವ ಜನಸಮುದಾಯವೊಂದರ ನಡುವೆ ಕ್ರಮೇಣ ರೂಪುಗೊಳ್ಳುವಂಥದು ಎಂಬುದು ಅದರ ಸಾರ. ಆ ಪುಸ್ತಕವನ್ನು ಅಂದು ಗಮನಿಸಿದವರು ವಿರಳ. 1962ರಲ್ಲಿ ವಿಜ್ಞಾನದ ಇತಿಹಾಸಕಾರ ಥಾಮಸ್ ಕೂನ್ ತಮ್ಮ ಪ್ರಸಿದ್ಧ ಗ್ರಂಥದ ಮುನ್ನುಡಿಯಲ್ಲಿ ಅದನ್ನು ಸ್ಮರಿಸುವ ಹೊತ್ತಿಗೆ ಫ್ಲೆಕ್ ತೀರಿಕೊಂಡು ಒಂದು ವರ್ಷವಾಗಿತ್ತು.

1941ರ ಜೂನ್ ಕೊನೆಯಲ್ಲಿ ಜರ್ಮನ್ ಸೇನೆ ಲ್ವೂವ್ ನಗರವನ್ನು ಹಿಡಿಯಿತು. ಈ ಮಾತನ್ನು ಓದುವಾಗ ವಿಶಾಖಪಟ್ಟಣದವರಿಗೆ ಒಂದು ಹೋಲಿಕೆ ಸುಳಿಯುವುದು ಸ್ವಾಭಾವಿಕ. 1942ರ ಏಪ್ರಿಲ್ 6ರಂದು ಜಪಾನೀ ವಿಮಾನಗಳು ಈ ಬಂದರಿನ ಮೇಲೆಯೂ ಕಾಕಿನಾಡದ ಮೇಲೆಯೂ ಬಾಂಬುಗಳನ್ನು ಹಾಕಿದುವು. ಪಟ್ಟಣದ ಜನ ಮನೆಗಳಿಗೆ ಬೀಗವಿಕ್ಕಿ, ವೃದ್ಧರನ್ನೂ ಶಿಶುಗಳನ್ನೂ ಕರೆದುಕೊಂಡು ಒಳನಾಡಿಗೆ ಹೊರಟರು. ಅವರ ಭಯವನ್ನು ನಾನು ಅಲ್ಪವೆನ್ನುವುದಿಲ್ಲ. ಆದರೆ ಅವರಿಗೆ ಹೋಗುವುದಕ್ಕೊಂದು ದಾರಿಯಿತ್ತು. ಅಂದು ಬೆಜವಾಡವೆನಿಸಿದ್ದ ವಿಜಯವಾಡದ ಮೂಲಕ ಸಾಗುವ ರೈಲುಮಾರ್ಗ ತೆರೆದೇ ಇತ್ತು, ಹಳ್ಳಿಯಲ್ಲಿ ನೆಂಟರ ಜಗಲಿಯಿತ್ತು. ಅದೇ ವಸಂತದಲ್ಲಿ ಲ್ವೂವಿನಿಂದಲೂ ರೈಲುಗಳು ಹೊರಡುತ್ತಿದ್ದುವು, ಬೆಲ್ಜೆಕ್ ಎಂಬ ಮಾರಣಶಿಬಿರಕ್ಕೆ. ಆ ವರ್ಷದ ಆಗಸ್ಟ್ ತಿಂಗಳೊಂದರಲ್ಲೇ ನಲವತ್ತು ಸಾವಿರದಷ್ಟು ಯಹೂದಿಗಳನ್ನು ಅಲ್ಲಿಗೆ ಸಾಗಿಸಿದರು. ಬಾಂಬು ಹಾಕುವವನಿಗೆ ಬೇಕಾದುದು ಬಂದರು. ಅಲ್ಲಿರುವ ಮನುಷ್ಯನು ಪಕ್ಕಕ್ಕೆ ಸರಿದರೆ ಅವನನ್ನು ಹುಡುಕಿಕೊಂಡು ಹೋಗುವುದಿಲ್ಲ. ನಾತ್ಸಿಯ ಗುರಿಯಾದುದು ಮನುಷ್ಯನ ಹುಟ್ಟು; ಅದರಿಂದ ಸರಿದು ನಿಲ್ಲುವುದಕ್ಕೆ ಪಕ್ಕವೆಂಬುದೇ ಇಲ್ಲ. ಯುದ್ಧದ ಕಷ್ಟಗಳೆಲ್ಲವನ್ನೂ ಒಂದೇ ರಾಶಿಗೆ ಸುರಿಯುವವರು ಈ ಭೇದವನ್ನು ಕಾಣದೆ ಹೋಗುತ್ತಾರೆ.

ನಗರದ ಯಹೂದಿಗಳನ್ನೆಲ್ಲ ಗೆಟ್ಟೋ ಎಂಬ ಕಟ್ಟುನಿಟ್ಟಿನ ಕೇರಿಗೆ ನೂಕಿ, ಒಂದೊಂದು ಕೋಣೆಯಲ್ಲಿ ಹಲವು ಸಂಸಾರಗಳನ್ನು ತುರುಕಿ, ಸಾಬೂನನ್ನೂ ಸೌದೆಯನ್ನೂ ಅನ್ನವನ್ನೂ ತಪ್ಪಿಸಿದ ಮೇಲೆ ಹೇನು ಹೆಚ್ಚಿತು, ಟೈಫಸ್ ಬಂದಿತು. ಬಂದ ರೋಗವನ್ನೇ ತೋರಿಸಿ, ಯಹೂದಿಯೆಂದರೆ ಹೇನು, ಹೇನೆಂದರೆ ಟೈಫಸ್ ಎಂದು ಭಿತ್ತಿಪತ್ರಗಳನ್ನು ಅಂಟಿಸಿದರು. ವಾರ್ಸಾದಲ್ಲಂತೂ ಗೆಟ್ಟೋವಿನ ಗೋಡೆಯನ್ನೇ ಸಾಂಕ್ರಾಮಿಕದ ನೆಪದಿಂದ ಸಮರ್ಥಿಸಿದರು. ಮನುಷ್ಯನನ್ನು ಮೊದಲು ಕೊಳೆಯಲ್ಲಿ ಕೆಡವಿ, ಆಮೇಲೆ ಕೊಳೆಯುಳ್ಳವನೆಂದು ದೂರವಿಡುವ ಈ ತರ್ಕ ನಮ್ಮ ದೇಶದ ಊರ ಹೊರಗಣ ಕೇರಿಗಳನ್ನು ಬಲ್ಲವರಿಗೆ ಹೊಸದಲ್ಲ. ಗೆಟ್ಟೋವಿನ ಆಸ್ಪತ್ರೆಯಲ್ಲಿ ಫ್ಲೆಕ್ ಇಂತಹ ರೋಗಿಗಳ ನಡುವೆ ದುಡಿದರು. ಪ್ರಯೋಗಪ್ರಾಣಿಗಳಿಲ್ಲ, ಸಲಕರಣೆಗಳಿಲ್ಲ, ಆ ಅಭಾವದಲ್ಲೇ ಅವರು ರೋಗಿಗಳ ಮೂತ್ರದಲ್ಲಿ ಟೈಫಸಿನ ಪ್ರತಿಜನಕ ದ್ರವ್ಯವನ್ನು ಗುರುತಿಸಿ, ರೋಗನಿರ್ಣಯಕ್ಕೂ ಲಸಿಕೆಗೂ ಅದನ್ನೇ ಆಧಾರವಾಗಿ ಮಾಡಿಕೊಂಡರು. ಸುದ್ದಿ ಜರ್ಮನರಿಗೆ ಮುಟ್ಟಿತು. ಪೂರ್ವದ ರಣರಂಗದಲ್ಲಿ ಅವರ ಸೈನಿಕರು ಇದೇ ಜ್ವರದಿಂದ ಸಾಯುತ್ತಿದ್ದುದರಿಂದ ಫ್ಲೆಕ್ ಅವರನ್ನು ಕೊಲ್ಲದೆ ದುಡಿಸಿಕೊಂಡರು. 1943ರ ಫೆಬ್ರವರಿಯಲ್ಲಿ ಅವರನ್ನು ಪತ್ನೀಪುತ್ರರ ಸಹಿತ ಔಷ್ವಿಟ್ಸ್ ಶಿಬಿರಕ್ಕೂ, ಸುಮಾರು ಒಂದು ವರ್ಷದ ತರುವಾಯ ಬೂಖೆನ್ವಾಲ್ಡ್ ಶಿಬಿರಕ್ಕೂ ಸಾಗಿಸಿದರು.

ಉಪಯುಕ್ತನಾದುದರಿಂದ ಒಬ್ಬನನ್ನು ಉಳಿಸುವುದು, ನಿರುಪಯುಕ್ತನಾದುದರಿಂದ ಇನ್ನೊಬ್ಬನನ್ನು ಕೊಲ್ಲುವುದು, ಇವೆರಡೂ ಒಂದೇ ಕೈಯ, ಒಂದೇ ತಕ್ಕಡಿಯ ವ್ಯಾಪಾರ. ಔಷ್ವಿಟ್ಸಿನ ರೈಲುಕಟ್ಟೆಯಲ್ಲಿ ಬಲಕ್ಕೂ ಎಡಕ್ಕೂ ಬೆರಳು ತೋರಿಸುತ್ತ ನಿಂತಿದ್ದವರು ವೈದ್ಯರೇ ಆಗಿದ್ದರು. ಅವರು ನೋಡುತ್ತಿದ್ದುದೂ ಉಪಯೋಗವನ್ನೇ. ಆದುದರಿಂದ ಫ್ಲೆಕ್ ಅವರ ವಿದ್ಯೆ ಅವರನ್ನು ಉಳಿಸಿತೆಂದು ಹಿಗ್ಗುವವನು, ಅವರ ಪಕ್ಕದಲ್ಲಿ ನಿಂತಿದ್ದ ದರ್ಜಿಯ ತಾಯಿಗೆ, ಅಕ್ಷರ ಕಲಿಯುವ ವಯಸ್ಸಿನ ಹುಡುಗಿಗೆ ಏನೆಂದು ಹೇಳುತ್ತಾನೆ? ಅವರಲ್ಲಿ ಉಳಿಯತಕ್ಕದ್ದು ಏನೂ ಇರಲಿಲ್ಲವೆಂದೆ? ಜೀವಕ್ಕೆ ಅರ್ಹತೆಯನ್ನು ಕೇಳುವ ಪ್ರಶ್ನೆಯೇ ಅಪರಾಧ. ಅದಕ್ಕೆ ಒಳ್ಳೆಯ ಉತ್ತರವಿದ್ದವನು ಬದುಕಿದನೆಂದ ಮಾತ್ರಕ್ಕೆ ಪ್ರಶ್ನೆ ನ್ಯಾಯವಾಗುವುದಿಲ್ಲ. ಫ್ಲೆಕ್ ಅವರನ್ನು ಗೌರವಿಸುವುದಕ್ಕೆ ಬೇರೊಂದು ಕಾರಣವಿದೆ.

ಬೂಖೆನ್ವಾಲ್ಡಿನ 50ನೆಯ ಬ್ಲಾಕಿನಲ್ಲಿ, ಡಿಂಗ್-ಶುಲರ್ ಎಂಬ ನಾತ್ಸಿ ಎಸ್.ಎಸ್. ಪಡೆಯ ವೈದ್ಯನ ಅಧಿಕಾರದಲ್ಲಿ, ಬಂದಿಗಳ ಕೈಯಿಂದ ಟೈಫಸ್ ಲಸಿಕೆಯನ್ನು ಮಾಡಿಸುತ್ತಿದ್ದರು. 46ನೆಯ ಬ್ಲಾಕಿನಲ್ಲಿ ಅದೇ ಡಿಂಗ್ ಬಂದಿಗಳಿಗೆ ಟೈಫಸ್ ಅಂಟಿಸಿ ಪ್ರಯೋಗ ನಡೆಸುತ್ತಿದ್ದನು. ಫ್ಲೆಕ್ ಬಂದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅಲ್ಲಿದ್ದವರು ರೋಗಾಣುವೆಂದು ತಿಳಿದು ಬೆಳೆಸುತ್ತಿದ್ದುದು ರೋಗಾಣುವಾಗಿರಲಿಲ್ಲ, ಬಿಳಿಯ ರಕ್ತಕಣಗಳ ಕಾಳುಗಳಾಗಿದ್ದುವು. ಡಿಂಗನಿಗೆ ಅದನ್ನು ತಿಳಿಯುವ ವಿದ್ಯೆಯಿರಲಿಲ್ಲ. ಬಂದಿಗಳು ಮೌನವಹಿಸಿದರು. ನಿಷ್ಪ್ರಯೋಜಕ ಲಸಿಕೆ ಸೇನೆಗೆ ರಾಶಿರಾಶಿಯಾಗಿ ಹೋಯಿತು. ಮುಂದೆ ನಿಜವಾದ ಲಸಿಕೆ ಕೈಗೂಡಿದಾಗ ಅದನ್ನು ಸ್ವಲ್ಪಸ್ವಲ್ಪವಾಗಿ ತಯಾರಿಸಿ ಗುಟ್ಟಾಗಿ ಸಹಬಂದಿಗಳಿಗೆ ಕೊಟ್ಟರು. ಸಿಕ್ಕಿಬಿದ್ದಿದ್ದರೆ ಮರಣವೇ ಶಿಕ್ಷೆ.

ಸತ್ಯಶೋಧಕನೊಬ್ಬನು ಸುಳ್ಳನ್ನು ಸೀಸೆಯಲ್ಲಿ ತುಂಬಿ ಕಳುಹಬಹುದೆ? ಹರಿಶ್ಚಂದ್ರನ ಕಥೆಯಲ್ಲಿ ಬೆಳೆದ ನಮ್ಮ ಮನಸ್ಸು ಇಲ್ಲಿ ಅಳುಕುತ್ತದೆ. ಆದರೆ ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಹೇಳುವ ಕೌಶಿಕನ ಕಥೆಯೂ ನಮ್ಮದೇ: ಸದಾ ಸತ್ಯವನ್ನೇ ನುಡಿಯುವ ವ್ರತ ತೊಟ್ಟಿದ್ದ ಆ ಬ್ರಾಹ್ಮಣನು, ಅಡಗಿದ್ದವರ ಜಾಡನ್ನು ದಸ್ಯುಗಳಿಗೆ ಯಥಾವತ್ತಾಗಿ ಹೇಳಿ, ಅವರ ಕೊಲೆಗೆ ಕಾರಣನಾಗಿ, ನರಕಕ್ಕೆ ಹೋದನು. ಹರಿಶ್ಚಂದ್ರನು ಮಾತಿಗಾಗಿ ತನ್ನನ್ನೂ ತನ್ನವರನ್ನೂ ತೆತ್ತನು. ಕೌಶಿಕನು ತನ್ನ ವ್ರತಕ್ಕೆ ಪರರ ಪ್ರಾಣವನ್ನು ತೆತ್ತನು. ವಿಜಯವಾಡದ ಪಟಮಟದಲ್ಲಿ 1947ರಿಂದ ತಮ್ಮ ನಾಸ್ತಿಕ ಕೇಂದ್ರವನ್ನು ನಡೆಸಿದ ಗೋರಾ ಅವರು ನೀತಿಗೆ ದೇವರ ಆಸರೆ ಬೇಡವೆಂದೂ ಅದು ಸಮಾಜದ ಅವಶ್ಯಕತೆಯೆಂದೂ ವಾದಿಸಿದರು. ದೇವರ ವಿಷಯದಲ್ಲಿ ಅವರೊಡನೆ ಒಪ್ಪದವರಿಗೂ ಈ ಎರಡನೆಯ ಮಾತು ಇಲ್ಲಿ ಬೆಳಕು ಕೊಡುತ್ತದೆ. ಸತ್ಯವು ಮನುಷ್ಯ ಮನುಷ್ಯರ ನಡುವಣ ವಿಶ್ವಾಸದ ಒಪ್ಪಂದವಾದರೆ, ಎದುರಿಗಿರುವವನನ್ನು ಮನುಷ್ಯನೇ ಅಲ್ಲವೆಂದು ಘೋಷಿಸಿದವನು ಆ ಒಪ್ಪಂದವನ್ನು ತಾನೇ ಹರಿದು ಹಾಕಿದ್ದಾನೆ. ಐವತ್ತನೆಯ ಬ್ಲಾಕಿನಲ್ಲಿ ವಿಶ್ವಾಸದ ಸಮುದಾಯವೆಂಬುದು ಉಳಿದಿದ್ದುದು ಬಂದಿಗಳ ನಡುವೆ. ಸತ್ಯವಾದ ಲಸಿಕೆ ಹೋದುದೂ ಅವರಿಗೇ.

ಆದರೂ ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ಮರೆಮಾಚುವುದು ಸಲ್ಲದು. ಆ ಲಸಿಕೆಯನ್ನು ಚುಚ್ಚಿಸಿಕೊಂಡ ಸೈನಿಕನು ಡಿಂಗನಲ್ಲ. ಬಲಾತ್ಕಾರವಾಗಿ ಸೇನೆಗೆ ಸೇರಿಸಲ್ಪಟ್ಟ ಎಳೆಯನೊಬ್ಬನು, ತನಗೆ ರಕ್ಷಣೆಯಿದೆಯೆಂದು ನಂಬಿ, ಹೇನು ತುಂಬಿದ ಕಂದಕದಲ್ಲಿ ಸತ್ತಿರಬಹುದು. ವೈದ್ಯನ ಧರ್ಮ ಶತ್ರುಮಿತ್ರರನ್ನೆಣಿಸದಲ್ಲವೆ? ನಾನು ಬಹುಕಾಲ ಯೋಚಿಸಿ ಈ ನಿರ್ಣಯಕ್ಕೆ ಬಂದಿದ್ದೇನೆ: ಆ ಸೈನಿಕನು ಗಾಯಗೊಂಡು ಫ್ಲೆಕ್ ಅವರ ಮುಂದೆ ಮಲಗಿದ್ದರೆ ಅವರಿಗೆ ಅವನನ್ನು ವಂಚಿಸಲು ಅಧಿಕಾರವಿರುತ್ತಿರಲಿಲ್ಲ. ಮುಂದೆ ಬಂದು ಮಲಗಿದ ದೇಹಕ್ಕೆ ವೈದ್ಯನು ಬದ್ಧನು. ಆದರೆ ಅವರ ಮುಂದಿದ್ದುದು ರೋಗಿಯಲ್ಲ, ಕೊಲೆಯ ಯಂತ್ರವನ್ನು ಮುಂದಕ್ಕೆ ತಳ್ಳುವ ಸೇನೆಗೆ ಗುಲಾಮನ ಕೈಯಿಂದ ಕಿತ್ತುಕೊಳ್ಳುತ್ತಿದ್ದ ದುಡಿಮೆ. ಆ ದುಡಿಮೆಯನ್ನು ಬರಿದುಗೊಳಿಸುವ ಅಧಿಕಾರ ಗುಲಾಮನಿಗೆ ಪೂರ್ಣವಾಗಿದೆ. ಆ ಎಳೆಯನ ಸಾವಿನ ಭಾರ ಇದರಿಂದ ಇಲ್ಲವಾಗುವುದಿಲ್ಲ. ಅದನ್ನು ಹೊರಬೇಕಾದವರು ವೈದ್ಯನನ್ನು ಸೆರೆಯಲ್ಲಿಟ್ಟು ಲಸಿಕೆ ಮಾಡಿಸಿದವರು.

1945ರ ಏಪ್ರಿಲ್ 11ರಂದು ಬೂಖೆನ್ವಾಲ್ಡ್ ವಿಮೋಚನೆಗೊಂಡಿತು. ಪತ್ನಿಯೂ ಮಗನೂ ಬದುಕಿದ್ದರು. ಫ್ಲೆಕ್ ಪೋಲಂಡಿಗೆ ಮರಳಿ ಲುಬ್ಲಿನಿನಲ್ಲಿಯೂ ವಾರ್ಸಾದಲ್ಲಿಯೂ ಸಂಶೋಧನೆ ನಡೆಸಿ, 1957ರಲ್ಲಿ ಇಸ್ರೇಲಿಗೆ ಹೋಗಿ, 1961ರಲ್ಲಿ ಅಲ್ಲಿಯೇ ತೀರಿಕೊಂಡರು. 1946ರಲ್ಲಿ ಅವರು ಪೋಲಿಷ್ ಪತ್ರಿಕೆಯೊಂದರಲ್ಲಿ ವಿಜ್ಞಾನದ ಸ್ವರೂಪವನ್ನು ಕುರಿತು ಬರೆದ ಲೇಖನದಲ್ಲಿ 50ನೆಯ ಬ್ಲಾಕಿನ ಪ್ರಸ್ತಾಪ ಬರುತ್ತದೆ, ಶೌರ್ಯದ ಕಥೆಯಾಗಿ ಅಲ್ಲ. ತಜ್ಞರಲ್ಲದ ಒಂದು ಗುಂಪು, ಒಬ್ಬರ ಊಹೆಯನ್ನು ಇನ್ನೊಬ್ಬರು ಬಲಪಡಿಸುತ್ತ, ಇಲ್ಲದ ರೋಗಾಣುವನ್ನು ಒಟ್ಟಾಗಿ ಕಂಡು, ಅದರ ಮೇಲೆ ಪರೀಕ್ಷೆಗಳ ಸೌಧವನ್ನೇ ಹೇಗೆ ಕಟ್ಟಿತೆಂಬುದನ್ನು, 1935ರ ತಮ್ಮ ಸಿದ್ಧಾಂತಕ್ಕೆ ಒದಗಿದ ಇನ್ನೊಂದು ನಿದರ್ಶನವೆಂದು, ಅವರು ಅಲ್ಲಿ ಸಾವಧಾನವಾಗಿ ವಿವರಿಸಿದ್ದಾರೆ.