ದುಡಿಮೆಗೆ ಬೆಲೆ ಕಟ್ಟುವ ಬಗೆ



ಮನುಷ್ಯನು ವಸ್ತುವಿನ ಬೆಲೆಯನ್ನು ಕೊಡುವಾಗ ಅಷ್ಟಾಗಿ ತಕರಾರು ಮಾಡುವುದಿಲ್ಲ. ದುಡಿಮೆಯ ಬೆಲೆಯನ್ನು ಕೊಡುವಾಗ ಮಾತ್ರ ಅವನ ಕೈ ಹಿಂದೆಗೆಯುತ್ತದೆ. ವಸ್ತು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ದುಡಿಮೆಯಾದರೋ ಮುಗಿದ ಕ್ಷಣದಲ್ಲಿಯೇ ಮರೆಯಾಗಿಬಿಡುತ್ತದೆ. ಮರೆಯಾದುದಕ್ಕೆ ನ್ಯಾಯವಾದ ಬೆಲೆ ಯಾವುದು? ಅದನ್ನು ಗೊತ್ತುಮಾಡುವವರಾರು? ಈ ಪ್ರಶ್ನೆ ನಮ್ಮೆದುರಿಗೆ ಬಂದುದು ಗ್ರಂಥದ ಮೂಲಕವಲ್ಲ, ಒಂದು ಕಾರಿನ ಮೂಲಕ.

ಕೆಲವು ವರ್ಷಗಳ ಹಿಂದೆ ಭಕ್ತರೊಬ್ಬರು ತಮ್ಮ ಸಣ್ಣ ಕಾರಿನ ಕ್ಲಚ್ಚನ್ನು ಬದಲಾಯಿಸಿದ ಬಿಲ್ಲನ್ನು ಹಿಡಿದುಕೊಂಡು ಬಂದರು. ಬಿಡಿಭಾಗಗಳಿಗೆ 4,200 ರೂಪಾಯಿ, ಕೂಲಿಗೆ 3,500 ರೂಪಾಯಿ. “ಬುದ್ಧಿ, ಒಂದು ಪ್ಲೇಟು ತೆಗೆದು ಇನ್ನೊಂದು ಹಾಕುವುದಕ್ಕೆ ಇಷ್ಟು ಹಣವೇ?” ಎಂದು ಕೇಳಿದರು. ಗ್ಯಾರೇಜಿನ ಮೇಸ್ತ್ರಿಯೂ ಮಠಕ್ಕೆ ನಡೆದುಕೊಳ್ಳುವವರೇ. ನಾವು ಹೆಚ್ಚು ಯೋಚಿಸದೆ ಅವರಿಗೆ ಹೇಳಿಕಳುಹಿಸಿದೆವು. ಅವರು ಎದುರು ಮಾತಾಡದೆ ಸಾವಿರ ರೂಪಾಯಿಯನ್ನು ಇಳಿಸಿದರು. ನ್ಯಾಯ ಮಾಡಿದೆವೆಂದು ನಾವು ಸಂತೋಷಪಟ್ಟೆವು.

ಅದಾದ ಮೇಲೆ ಮಠದ ವಾಹನಕ್ಕೇ ಅದೇ ಕೆಲಸ ಬಂದಿತು. ಪ್ರವಾಸದ ನಡುವೆ, ಬೇರೊಂದು ಊರಿನ ಗ್ಯಾರೇಜಿನಲ್ಲಿ ನಾವು ಕಾದು ಕುಳಿತೆವು. ಕ್ಲಚ್ ಪ್ಲೇಟು ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಅಡಗಿರುವ ಭಾಗ. ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸನ್ನೇ ಇಳಿಸಬೇಕು. ಇಬ್ಬರು ಕೆಲಸಗಾರರು ವಾಹನದ ಅಡಿಯಲ್ಲಿ ಅಂಗಾತ ಮಲಗಿ, ಮುಖದ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿರಲು, ಆ ಭಾರವನ್ನು ಇಳಿಸಿ, ಹೊಸ ಪ್ಲೇಟನ್ನು ಸರಿಯಾದ ನಡುವಿಗೆ ಕೂಡಿಸಿ, ಮತ್ತೆ ಏರಿಸಿ ಬೋಲ್ಟುಗಳನ್ನು ಬಿಗಿದರು. ಬೆಳಗಿನ ಪ್ರಸಾದದ ಹೊತ್ತಿಗೆ ಹಿಡಿದ ಕೆಲಸ ಮಧ್ಯಾಹ್ನ ಇಳಿಯುವ ವೇಳೆಗೆ ಮುಗಿಯಿತು. ನಾವು ಬಿಲ್ಲಿನಲ್ಲಿ ಕಂಡಿದ್ದುದು ಪ್ಲೇಟನ್ನು ಮಾತ್ರ, ಗೇರ್‌ಬಾಕ್ಸನ್ನು ಕಂಡಿರಲಿಲ್ಲ. ತೀರ್ಪು ಕೊಟ್ಟುದು ನಮ್ಮ ಅಜ್ಞಾನ. ಅದಕ್ಕೆ ಬಲ ತಂದುದು ನಮ್ಮ ಕಾವಿ.

ಹಾಗಾದರೆ ಮೇಸ್ತ್ರಿ ಕೇಳಿದುದೆಲ್ಲವೂ ನ್ಯಾಯವೇ? ಅಲ್ಲ. ಇಲ್ಲಿ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಕೆಲಸದ ದರ ಸರಿಯೇ? ಆ ಕೆಲಸ ಅವಶ್ಯವಾಗಿತ್ತೇ? ಮಾಡಿದೆನೆಂದು ಹೇಳಿದುದನ್ನು ನಿಜವಾಗಿ ಮಾಡಿದನೇ? ನಾವು ಸಾಮಾನ್ಯವಾಗಿ ಮೊದಲನೆಯದಕ್ಕೆ ಜಗಳವಾಡುತ್ತೇವೆ. ಅನ್ಯಾಯವಾದರೋ ಹೆಚ್ಚಾಗಿ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಲ್ಲಿ ಅಡಗಿರುತ್ತದೆ. ದರ ಕಡಿಮೆಯಿದ್ದೂ ಬೇಡವಾದ ಭಾಗವನ್ನು ಬದಲಾಯಿಸಿದರೆ ಅದು ಮೋಸ. ದರ ಹೆಚ್ಚೆನಿಸಿದರೂ ಮೊದಲೇ ತಿಳಿಸಿ, ಬೇಕಾದುದನ್ನೇ, ಹೇಳಿದಂತೆಯೇ ಮಾಡಿದರೆ ಅದು ಮೋಸವಲ್ಲ. ಒಪ್ಪುವುದೂ ಬಿಡುವುದೂ ನಮ್ಮ ಸ್ವಾತಂತ್ರ್ಯ.

ದರದ ವಿಷಯದಲ್ಲಿಯೂ ಒಂದು ಸೂಕ್ಷ್ಮವಿದೆ. ದೊಡ್ಡ ಸರ್ವಿಸ್ ಕೇಂದ್ರಗಳಲ್ಲಿ ಒಂದೊಂದು ಕೆಲಸಕ್ಕೂ ಇಷ್ಟು ಗಂಟೆಯೆಂದು ಮೊದಲೇ ಗೊತ್ತುಮಾಡಿ, ಅದರಂತೆ ಕೂಲಿ ಹಾಕುವ ಪದ್ಧತಿಯುಂಟು. ನಾಲ್ಕು ಗಂಟೆಯ ಕೆಲಸವನ್ನು ನಿಪುಣನು ಮೂರೇ ಗಂಟೆಯಲ್ಲಿ ಮುಗಿಸಿದರೂ ನಾಲ್ಕು ಗಂಟೆಯ ಹಣ ಕೊಡಬೇಕು. ಇದು ಅನ್ಯಾಯವೆಂದು ಹಲವರು ದೂರುತ್ತಾರೆ. ಆದರೆ ಹೊಸಬನು ಆರು ಗಂಟೆ ತೆಗೆದುಕೊಂಡಾಗಲೂ ನಾವು ಕೊಡುವುದು ನಾಲ್ಕಕ್ಕೆ ಮಾತ್ರ. ಗಡಿಯಾರವನ್ನಷ್ಟೇ ನೋಡಿ ಕೂಲಿ ಕೊಡುವೆವೆಂದರೆ ನಿಪುಣನಿಗೆ ದಂಡ, ನಿಧಾನಿಗೆ ಬಹುಮಾನ ಎಂದಾಗುತ್ತದೆ. ಐದು ನಿಮಿಷದಲ್ಲಿ ದೋಷವನ್ನು ಕಂಡುಹಿಡಿಯುವವನು ಆ ಐದು ನಿಮಿಷಕ್ಕಾಗಿ ಎಷ್ಟೋ ವರ್ಷ ಕೈ ಸುಟ್ಟುಕೊಂಡಿರುತ್ತಾನೆ.

ನಮ್ಮ ಪ್ರಾಚೀನರು ಈ ತೊಡಕನ್ನು ಅರಿತಿದ್ದರು. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿ ಲೋಕಕ್ಕೆ ತೋರಿಸಿಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ, ಕೂಲಿ ಮೊದಲೇ ಮಾತಾಗಿದ್ದರೆ ಆ ಮಾತಿನಂತೆ, ಆಗದಿದ್ದರೆ ಕೆಲಸಕ್ಕೂ ಕಾಲಕ್ಕೂ ತಕ್ಕಂತೆ ಕೊಡಬೇಕೆಂಬ ವಿಧಿಯಿದೆ. ಶಿಲ್ಪಿಗಳು, ವೈದ್ಯರು ಮೊದಲಾದವರಿಗೆ ಅಂಥವರೇ ಬೇರೆಡೆ ಪಡೆಯುವಷ್ಟು, ಇಲ್ಲವೇ ಕುಶಲರು ಗೊತ್ತುಮಾಡಿದಷ್ಟು ಸಲ್ಲಬೇಕೆಂದೂ ಇದೆ. ‘ಕುಶಲರು’ ಎಂಬ ಮಾತನ್ನು ಗಮನಿಸಬೇಕು. ಕೆಲಸವನ್ನು ಬಲ್ಲವರು ಬೆಲೆಯನ್ನು ಹೇಳಬೇಕೇ ಹೊರತು ಬರಿಯ ಅಧಿಕಾರ ಉಳ್ಳವರಲ್ಲ. ಅದೇ ಗ್ರಂಥದ ನಾಲ್ಕನೆಯ ಅಧಿಕರಣವು ಮಾತಿಗೆ ತಪ್ಪಿದ ಕುಶಲಕರ್ಮಿಗೆ ದಂಡವನ್ನೂ ವಿಧಿಸುತ್ತದೆ. ತಕ್ಕಡಿಗೆ ಎರಡು ತಟ್ಟೆ.

1970ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಿಸಿ ಒಂದು ಪ್ರಬಂಧ ಬರೆದರು. ಮಾರುವವನಿಗೆ ತಿಳಿದ ದೋಷ ಕೊಳ್ಳುವವನಿಗೆ ತಿಳಿಯದಿದ್ದರೆ, ಅವನು ಎಲ್ಲ ಕಾರನ್ನೂ ಸಂದೇಹದ ಬೆಲೆಗೇ ಕೇಳುತ್ತಾನೆ; ಆಗ ಒಳ್ಳೆಯ ಕಾರಿನವನು ಪೇಟೆಯಿಂದಲೇ ಹಿಂದೆ ಸರಿಯುತ್ತಾನೆ ಎಂಬುದು ಅದರ ಸಾರ. ದುರಸ್ತಿಯ ಕೆಲಸಕ್ಕೂ ಇದು ಸಲ್ಲುತ್ತದೆ. ಎಲ್ಲ ಮೇಸ್ತ್ರಿಗಳೂ ಕಳ್ಳರೆಂದು ಕೊಸರಾಡುತ್ತ ಹೋದರೆ ಪ್ರಾಮಾಣಿಕನಿಗೆ ಅನ್ನವಿಲ್ಲದಾಗುತ್ತದೆ. ಉಳಿಯುವವನು, ಕೊಸರಾಟಕ್ಕೆಂದೇ ಮೊದಲೇ ಹೆಚ್ಚು ಬರೆದಿಡುವವನು. ನಮ್ಮ ಸಂದೇಹವೇ ಅಂಥವನನ್ನು ಸಾಕುತ್ತದೆ.

ಆದುದರಿಂದ ಹೊಣೆ ಇಬ್ಬರ ಮೇಲೂ ಇದೆ. ಬಲ್ಲವನು ತನ್ನ ಬಲ್ಲತನವನ್ನು ಮರೆಯಾಗಿಸಬಾರದು. ಕೆಲಸ ಹಿಡಿಯುವ ಮೊದಲೇ ಅಂದಾಜು ಹೇಳಲಿ, ತೆಗೆದ ಹಳೆಯ ಭಾಗವನ್ನು ಕೈಗೆ ಕೊಟ್ಟು ತೋರಿಸಲಿ, ಹೆಚ್ಚಿನ ಕೆಲಸ ಕಂಡರೆ ಕೇಳಿ ಮುಂದುವರಿಯಲಿ. ತಿಳಿಯದವನು ತನ್ನ ತಿಳಿಯದಿರುವಿಕೆಯನ್ನು ಅಳತೆಗೋಲಾಗಿ ಹಿಡಿಯಬಾರದು. ಮೊದಲೇ ಕೇಳಲಿ, ಇನ್ನೆರಡು ಕಡೆ ವಿಚಾರಿಸಲಿ, ಒಪ್ಪಿದ ಮೇಲೆ ಒಪ್ಪಿದಷ್ಟನ್ನು ಕೊಡಲಿ.

ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಪತಿಯನ್ನು ಹಿಂದಕ್ಕೆ ಕಳುಹಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವು ಎಷ್ಟು ಬಾರಿ ಹೇಳಿಲ್ಲ! ಹೆಚ್ಚು ತೆಗೆದುಕೊಳ್ಳಬಾರದೆಂದು ದುಡಿಯುವವನಿಗೆ ಅದನ್ನು ಬೋಧಿಸುತ್ತೇವೆ. ಕಡಿಮೆ ಕೊಟ್ಟು ಮನೆಯಲ್ಲಿ ಉಳಿಸಿಕೊಂಡುದೂ ಹೆಚ್ಚಿಗೆ ತಂದ ಅಕ್ಕಿಯೇ ಎಂದು ಕೊಡುವವನಿಗೆ ಹೇಳಿದವರು ವಿರಳ. ಈ ಮಾತನ್ನು ನಮಗೇ ಮೊದಲು ಹೇಳಿಕೊಳ್ಳುತ್ತಿದ್ದೇವೆ.

ಪ್ರವಾಸದಿಂದ ಮರಳಿದ ಮೇಲೆ ನಾವು ಆ ಮೇಸ್ತ್ರಿಯನ್ನು ಬರಮಾಡಿಕೊಂಡು ಸಾವಿರ ರೂಪಾಯಿಯನ್ನು ಮುಂದಿಟ್ಟೆವು. ಅವರು ಮುಟ್ಟಲಿಲ್ಲ. “ಹಣ ಬೇಡ ಬುದ್ಧಿ. ಇನ್ನು ಮುಂದೆ ಯಾರಾದರೂ ಬಿಲ್ಲು ತಂದರೆ ನನ್ನನ್ನೂ ಕರೆಸಿ ಒಂದು ಮಾತು ಕೇಳಿ, ಸಾಕು” ಎಂದರು. ಪದವಿಗಾಗಿ ನಾವು ಓದಿದ ನೀತಿಶಾಸ್ತ್ರವೆಲ್ಲ ಆ ಒಂದು ಮಾತಿನ ಮುಂದೆ ಚಿಕ್ಕದಾಯಿತು.

ವಾಚಕರೇ, ಮುಂದಿನ ಬಾರಿ ಕೂಲಿಯ ಲೆಕ್ಕ ನಿಮ್ಮ ಕೈಗೆ ಬಂದಾಗ ‘ಇಷ್ಟೇಕೆ?’ ಎಂದು ಖಂಡಿತವಾಗಿ ಕೇಳಿರಿ. ಆದರೆ ಉತ್ತರವನ್ನು ಪೂರ್ತಿಯಾಗಿ ಕೇಳಿದ ಬಳಿಕವೇ ತೀರ್ಪನ್ನು ಕೊಡಿರಿ.