ತಿಮಿರಿಯ ತಂಟೆ

ಮೇಲುಕೋಟೆಯಲ್ಲಿ ಚೆಲುವನಾರಾಯಣನ ಉತ್ಸವ ಹೊರಟಾಗ ಎಲ್ಲರ ಕಣ್ಣು ದೇವರ ಮೇಲೆ, ನನ್ನದು ವಾಲಗದವರ ತುಟಿಯ ಮೇಲೆ. ಡೋಲಿನ ಅಬ್ಬರದಲ್ಲಿ ಶ್ರುತಿ ಪಕ್ಕದಲ್ಲಿ ನಿಂತವರಿಗೇ ಕೇಳಿಸದು. ಆದರೂ ನಾಗಸ್ವರದ ಷಡ್ಜ ಅಲುಗುವುದಿಲ್ಲ. ಅದು ಹೇಗೆ?

ವಾದ್ಯವನ್ನು ಹತ್ತಿರದಿಂದ ನೋಡಿದರೆ ಸೋಜಿಗ ಇನ್ನೂ ಹೆಚ್ಚುತ್ತದೆ. ಬೆರಳಾಡಿಸಲು ಏಳು ರಂಧ್ರ. ಕೆಳಗೆ ಬೆರಳು ತಾಗದ ಇನ್ನೈದು. ಅವಕ್ಕೆ ಮೇಣ ಮೆತ್ತಿ, ತುಸು ಕೆರೆದು, ಮತ್ತೆ ಮೆತ್ತಿ ಶ್ರುತಿ ಕೂಡಿಸುತ್ತಾರೆ. ಮೇಲ್ತುದಿಯಲ್ಲಿ ಜೊಂಡಿನ ಸೀವಾಳಿ. ಒಣಗಿದರೆ ನುಡಿಯದು, ತೀರಾ ನೆನೆದರೆ ಸಡಿಲ. ಅದಕ್ಕೇ ವಾದ್ಯದ ಕೊರಳಲ್ಲಿ ನಾಲ್ಕಾರು ಸೀವಾಳಿ ದಾರದಲ್ಲಿ ಜೋತಾಡುತ್ತಿರುತ್ತವೆ, ಜೊತೆಗೆ ಅವನ್ನು ಸರಿಪಡಿಸುವ ಸೂಜಿ. ಇಷ್ಟಾದರೂ ಸ್ವರವೇನೂ ಕೊಳವೆಯಲ್ಲಿ ಸಿದ್ಧವಾಗಿ ಕೂತಿರುವುದಿಲ್ಲ. ಅರೆತೆರೆದ ರಂಧ್ರ, ಉಸಿರಿನ ಒತ್ತಡ, ತುಟಿಯ ಬಿಗಿ ಕೂಡಿದಾಗಲೇ ಗಾಂಧಾರ ಗಾಂಧಾರವಾಗುವುದು.

ಅದರಲ್ಲೂ ತಿಮಿರಿ ಮಹಾ ತಂಟೆಯದು. ಗಿಡ್ಡ ನಾಗಸ್ವರ, ಏರು ಶ್ರುತಿ. ನಾಗಸ್ವರ ವಿದ್ವಾಂಸ ಟಿ.ಎನ್. ರಾಜರತ್ನಂ ಪಿಳ್ಳೈ ಉದ್ದನೆಯ ಬಾರಿ ನಾಗಸ್ವರವನ್ನು ಜನಪ್ರಿಯಗೊಳಿಸಿದ ಮೇಲೆ ಕಛೇರಿಗಳಲ್ಲಿ ತಿಮಿರಿ ಹಿಂದೆ ಸರಿಯಿತು. ಕೊಳವೆ ಗಿಡ್ಡವಾದಷ್ಟೂ ಸಣ್ಣ ತಪ್ಪು ದೊಡ್ಡದಾಗಿ ಕೇಳುತ್ತದೆ. ಪಿಕೊಲೊ ಟ್ರಂಪೆಟ್ ಊದುವವರದೂ ಇದೇ ಗೋಳು: ಮಾಮೂಲಿ ಟ್ರಂಪೆಟ್‌ನ ಕೊಳವೆ ಸುಮಾರು 148 ಸೆಂಟಿಮೀಟರ್, ಪಿಕೊಲೊದ್ದು ಅದರರ್ಧ. ಕೊಳವೆಯನ್ನು ಒಂದೇ ಅಳತೆ ಹೊರಗೆಳೆದರೂ ಚಿಕ್ಕದರಲ್ಲಿ ಶ್ರುತಿ ಇಮ್ಮಡಿ ಇಳಿಯುತ್ತದೆ.

ಗಾಳಿಯೂ ಸುಮ್ಮನಿರದು. ಕೊಳವೆಯೊಳಗಿನ ಗಾಳಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶ್ರುತಿ ಅರ್ಧಸ್ವರದ ಕಾಲುಭಾಗಕ್ಕಿಂತ ಹೆಚ್ಚು ಏರುತ್ತದೆ. ಮೇಲುಕೋಟೆಯ ಬೆಳಗಿನ ಚಳಿಯಲ್ಲಿ ಕೂಡಿಸಿದ್ದು ಹೊತ್ತೇರಿದ ಮೇಲೆ ಶ್ರೀರಂಗಪಟ್ಟಣದ ಛತ್ರದಲ್ಲೋ ನಾಗಮಂಗಲದ ಮದುವೆಮನೆಯಲ್ಲೋ ಕೂಡಲೊಲ್ಲದು. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗೆ ಮಾತ್ರ ಎಲ್ಲಿದ್ದರೂ ಒಂದೇ ಹಟ. (ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲು ಗುಡಿಯ ವೇಣುಗೋಪಾಲನಿಗೆ ಈ ತಾಪತ್ರಯವಿಲ್ಲ. ಅವನದು ಕಲ್ಲಿನ ಕೊಳಲು.)

ಮೇಣ, ಸೂಜಿ, ಶಾಖದ ಲೆಕ್ಕ ಎಲ್ಲವೂ ಅರ್ಥವಾಗುತ್ತವೆ. ಅರ್ಥವಾಗದ್ದು ಒಂದೇ. ತಪ್ಪು ಕಿವಿಗೆ ಬಿದ್ದ ಮೇಲೆ ತಿದ್ದುವುದಾದರೆ ಆ ತಪ್ಪು ನಮಗೂ ಕೇಳಿಸಬೇಕಿತ್ತಲ್ಲ? ಕೇಳಿಸುವುದಿಲ್ಲ. ನಾದ ಹುಟ್ಟುವ ಮುನ್ನವೇ ತುಟಿ ತನ್ನ ಕೆಲಸ ಮುಗಿಸಿರುತ್ತದೆ. ಹೊಸ ಸೀವಾಳಿ ಸಿಕ್ಕಿಸಿ ಊದಿದ ಮೊದಲ ಉಸಿರು ಒಮ್ಮೊಮ್ಮೆ ಜಾರುವುದುಂಟು, ನಿಜ. ಎರಡನೆಯದು ಜಾರದು. ಆ ನಡುವೆ ತುಟಿ ಕಲಿತದ್ದೇನು? ಕೇಳಿದರೆ ವಾಲಗದವರೂ ಹೇಳಲಾರರು; ನಕ್ಕು, ಡೋಲಿನವರಿಗೆ ಸನ್ನೆ ಮಾಡಿ ಮುಂದಿನ ಕೀರ್ತನೆಗೆ ತೊಡಗುತ್ತಾರೆ.