ಬರಹದ ರೂಪಕ್ಕೆ ಹೊಣೆ ಯಾರು?

ಆಡಿದ ಮಾತು ಹೊಸಿಲು ದಾಟಿದ ಮೇಲೆ ಆಡಿದವನದೋ ಕೇಳಿದವನದೋ ಎಂಬುದು ಹಳೆಯ ಪ್ರಶ್ನೆ. ಬರಹದಲ್ಲಿ ಅದಕ್ಕೆ ಇನ್ನೊಂದು ಮಗ್ಗುಲಿದೆ. ಅರ್ಥಕ್ಕೆ ಲೇಖಕ ಹೊಣೆಯಾದರೆ ರೂಪಕ್ಕೆ ಹೊಣೆ ಯಾರು? ವಿಕೇಂದ್ರಿತ ಸಾಮಾಜಿಕ ಜಾಲಗಳು ಈ ಪ್ರಶ್ನೆಯನ್ನು ನಮ್ಮ ಮುಂದೆ ಮತ್ತೆ ಇರಿಸಿವೆ.

ಒಂದೇ ಕಂಪನಿಯ ಒಡೆತನದ ಜಾಲದಲ್ಲಿ ಬರೆಯುವ ಮನೆ, ಓದುವ ಮನೆ ಎರಡೂ ಒಂದೇ. ವಿಕೇಂದ್ರಿತ ಜಾಲ ಹಾಗಲ್ಲ. ಮಾಸ್ಟೊಡಾನ್, ಮಿಸ್‌ಕೀ, ಫ್ರೆಂಡಿಕಾ ಮೊದಲಾದ ಬೇರೆ ಬೇರೆ ತಂತ್ರಾಂಶಗಳನ್ನು ನಡೆಸುವ ಸಾವಿರಾರು ಸರ್ವರ್‌ಗಳು ತಮ್ಮ ತಮ್ಮ ಆಡಳಿತವನ್ನು ಉಳಿಸಿಕೊಂಡೇ ಪರಸ್ಪರ ಮಾತಾಡುತ್ತವೆ. ಅವುಗಳ ನಡುವಿನ ಒಡಂಬಡಿಕೆಯೇ ಆಕ್ಟಿವಿಟಿಪಬ್. ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯೂ ತ್ರೀ ಸಿ ಸಂಸ್ಥೆ 2018ರ ಜನವರಿಯಲ್ಲಿ ಅದನ್ನು ಶಿಫಾರಸು ಮಾಡಿತು. ಈ ಒಡಂಬಡಿಕೆ ಬರಹವನ್ನು ತಲುಪಿಸುತ್ತದೆ. ತಲುಪಿದ್ದನ್ನು ಹೇಗೆ ತೋರಿಸಬೇಕೆಂಬುದು ಬಹುಮಟ್ಟಿಗೆ ತಲುಪಿದ ಮನೆಯ ಇಚ್ಛೆ.

ದಪ್ಪಕ್ಷರ ತೆಳುವಾದರೆ ನಷ್ಟ ಅಲ್ಪ. ಆದರೆ ಸಭೆಯ ಹಳೆಯ ದಿನಾಂಕವನ್ನು ಗೆರೆ ಎಳೆದು ಹೊಡೆದುಹಾಕಿ ಹೊಸದನ್ನು ಬರೆದಾಗ, ಆ ಗೆರೆ ಮಾತ್ರ ದಾರಿಯಲ್ಲಿ ಅಳಿದುಹೋದರೆ? ಎರಡು ದಿನಾಂಕಗಳೂ ನಿಜವಾಗಿ ನಿಲ್ಲುತ್ತವೆ. ಪರರ ಮಾತನ್ನು ಪ್ರತ್ಯೇಕಿಸಿ ತೋರಿಸುವ ಉದ್ಧರಣದ ಗುರುತು ಬಿದ್ದುಹೋದರೆ, ಖಂಡಿಸಲು ಎತ್ತಿಕೊಂಡ ಮಾತು ಖಂಡಿಸಿದವನ ಮಾತೇ ಆಗಿಬಿಡುತ್ತದೆ. ಮಾಸ್ಟೊಡಾನ್ ಬಹುಕಾಲ ಹೊರಗಿನಿಂದ ಬಂದ ಇಂತಹ ವಿನ್ಯಾಸಗಳನ್ನು ಕಳಚಿಯೇ ತೋರಿಸುತ್ತಿತ್ತು. ಮುಂದಿನ ಆವೃತ್ತಿಗಳು ಅವುಗಳಲ್ಲಿ ಹಲವನ್ನು ಉಳಿಸಿಕೊಳ್ಳತೊಡಗಿದವು.

ಬರಮಾಡಿಕೊಳ್ಳುವವರ ಪಕ್ಷವನ್ನೂ ನಾವು ಕೇಳಬೇಕು. ಬರಹ ಬರುವುದು ಎಚ್‌ಟಿಎಂಎಲ್ ಉಡುಗೆಯಲ್ಲಿ. ಆ ಉಡುಗೆಯ ಮಡಿಕೆಯಲ್ಲಿ ಓದುಗನಿಗೆ ಕೇಡು ಮಾಡುವ ಆಜ್ಞೆಗಳೂ ಅಡಗಿರಬಹುದು. ಆದ್ದರಿಂದ ಸೋಸುವುದು ಆತಿಥೇಯನ ಕರ್ತವ್ಯವೇ ಸರಿ. ಅತಿಥಿಯ ಪಾದರಕ್ಷೆಯನ್ನು ಹೊರಗೆ ಬಿಡಿಸುವುದು ಮನೆಯ ಮರ್ಯಾದೆ. ಅವನ ಹೆಸರನ್ನೇ ಬದಲಿಸಿ ಕೂಗುವುದು ಮರ್ಯಾದೆಯಲ್ಲ.

ಹೆಸರಿನ ಮಾತು ಬರಿಯ ಉಪಮೆಯಲ್ಲ. ‘ರಾಜ್‌ಕುಮಾರ್’ ಎಂದು ಬರೆಯಲು ‘ಜ್’ ಮತ್ತು ‘ಕು’ಗಳ ನಡುವೆ ಕಣ್ಣಿಗೆ ಕಾಣದ ಒಂದು ಯುನಿಕೋಡ್ ಸಂಕೇತ ಬೇಕು. ಅದನ್ನು ತೆಗೆದರೆ ಹೆಸರು ‘ರಾಜ್ಕುಮಾರ್’ ಎಂದು ಒತ್ತಕ್ಷರವಾಗಿ ಕೂಡಿಕೊಳ್ಳುತ್ತದೆ. ಕಾಣದ ಸಂಕೇತಗಳನ್ನು ವಂಚನೆಗೂ ಬಳಸುವವರಿರುವುದರಿಂದ, ಕನ್ನಡವನ್ನು ಅರಿಯದ ಸೋಸುಗಕ್ಕೆ ಅದು ಕಸವಾಗಿ ಕಾಣಬಹುದು. ಇಲ್ಲಿ ದ್ವೇಷವಿಲ್ಲ, ಅರಿವಿನ ಕೊರತೆಯಷ್ಟೇ ಇದೆ. ಸೊಲ್ಲಾಪುರ ಸೋಲಾಪೂರವಾದದ್ದನ್ನೂ ಮಂಜೇಶ್ವರ ಮಂಜೇಶ್ವರಂ ಆದದ್ದನ್ನೂ ಕಂಡ ಗಡಿಯಾಚೆಯ ಕನ್ನಡಿಗರಾದ ನಮಗೆ ಇದು ಹೊಸ ಅನುಭವವಲ್ಲ. ಬರೆಯುವ ಕೈ ತನ್ನ ರೂಢಿಯಂತೆ ಬರೆಯುತ್ತದೆ. ಬದಲಾದದ್ದು ಅದರ ಗಮನಕ್ಕೂ ಬರುವುದಿಲ್ಲ.

ಹಾಗಾದರೆ ಬರೆಯುವವನಿಗೆ ಹೊಣೆಯೇ ಇಲ್ಲವೆ? ನಮ್ಮ ಹಿರಿಯರು ತಾಳೆಗರಿಯಲ್ಲಿ ಪದ್ಯದ ಸಾಲುಗಳನ್ನು ಒಡೆಯದೆ ಗದ್ಯದಂತೆ ಉದ್ದಕ್ಕೆ ಬರೆದರು. ಆದರೂ ಕಂದಪದ್ಯ ಕಳೆದುಹೋಗಲಿಲ್ಲ. ಪಾದದ ಆದಿಯನ್ನು ದ್ವಿತೀಯಾಕ್ಷರ ಪ್ರಾಸವೂ ಅದರ ಅಳತೆಯನ್ನು ಮಾತ್ರಾಗಣಗಳೂ ತಿಳಿದವರಿಗೆ ತೋರಿಸಿಕೊಟ್ಟವು. ಅದರ ರೂಪ ಗರಿಯ ಮೇಲಿರಲಿಲ್ಲ, ನುಡಿಯ ಒಳಗಿತ್ತು. ಛಂದಸ್ಸನ್ನು ಬಿಟ್ಟ ನವ್ಯ ಕವಿತೆಗೆ ಆ ರಕ್ಷೆಯಿಲ್ಲ. ಸಾಲು ಮುರಿಯುವ ಸ್ಥಾನವೇ ಅದರ ಉಸಿರು. ಅದನ್ನು ಕಳೆದರೆ ಮತ್ತೆ ಕಟ್ಟುವವರಿಲ್ಲ.

ಇದರಿಂದ ಎರಡು ಧರ್ಮಗಳು ಹೊಳೆಯುತ್ತವೆ. ಮಾತಿನಲ್ಲಿ ಹೇಳಬಹುದಾದದ್ದನ್ನು ಅಲಂಕಾರದ ಮೇಲೆ ಮಾತ್ರ ಬಿಡದಿರುವುದು ಬರೆಯುವವನ ಧರ್ಮ. ಗೆರೆಯ ಜೊತೆಗೆ ‘ಈ ದಿನಾಂಕ ರದ್ದಾಗಿದೆ’ ಎಂದು ಬರೆಯಬೇಕು. ಉದ್ಧರಿಸುವಾಗ ಯಾರ ಮಾತೆಂದು ಹೆಸರಿಸಬೇಕು. ಬರಮಾಡಿಕೊಳ್ಳುವವನ ಧರ್ಮ ಅಪಾಯವನ್ನು ಮಾತ್ರ ತೆಗೆಯುವುದು, ಅರ್ಥ ಹೊತ್ತದ್ದನ್ನು ಉಳಿಸುವುದು, ಉಳಿಸಲಾಗದಿದ್ದರೆ ಕಳೆದದ್ದುಂಟೆಂದು ಓದುಗನಿಗೆ ತಿಳಿಸಿ ಮೂಲದ ದಾರಿಯನ್ನು ತೋರುವುದು. ಮೂಲ ಬರಹವನ್ನು ಹಾಗೆಯೇ ಜೊತೆಗಿಟ್ಟು ಕಳಿಸಲು ಆಕ್ಟಿವಿಟಿಪಬ್‌ನಲ್ಲಿ ಅವಕಾಶವಿದೆ.

ಎಲ್ಲ ಮನೆಗಳೂ ಒಂದೇ ಅಚ್ಚಿನಲ್ಲಿರಬೇಕೆಂದು ಬಯಸಿದರೆ ವಿಕೇಂದ್ರೀಕರಣಕ್ಕೆ ಅರ್ಥವಿಲ್ಲ. ಮನೆಗಳು ಬೇರೆಯಾಗಿಯೇ ಇರಲಿ. ಒಂದು ಮನೆಯಿಂದ ಹೊರಟ ಮಾತು ಇನ್ನೊಂದು ಮನೆಯಲ್ಲಿ ತನ್ನ ಹೆಸರಿನಿಂದಲೇ ಕರೆಸಿಕೊಳ್ಳುವಂತಾದರೆ ಸಾಕು.